ರೆಡ್ ಕ್ರಾಸ್ ಶತಮಾನೋತ್ಸವದ ಚೀಟಿ ಮತ್ತು ನಾಣ್ಯ

ಅಂಚೆಚೀಟಿಯು ಅಂಚೆಯ ಶುಲ್ಕ ಸಂದಿತೆಂಬುದಕ್ಕೆ ಗುರುತು. ನಾಣ್ಯವು ಕೊಂಡ ವಸ್ತುವಿಗೆ ಬೆಲೆ ತೆರುವ ಸಾಧನ. ಆದರೆ ವಿಶೇಷ ಸಂದರ್ಭಗಳಲ್ಲಿ ಸರಕಾರಗಳು ಇವೆರಡಕ್ಕೂ ಸ್ಮರಣೆಯ ಕಾರ್ಯವನ್ನೂ ಒಪ್ಪಿಸುತ್ತವೆ. 1963ರಲ್ಲಿ ರೆಡ್ ಕ್ರಾಸ್ ಸಂಸ್ಥೆಗೆ ನೂರು ವರ್ಷ ತುಂಬಿದಾಗ ಹಲವು ದೇಶಗಳು ಸ್ಮಾರಕ ಚೀಟಿಗಳನ್ನು ಹೊರಡಿಸಿದುವು. ಭಾರತದ ಚೀಟಿಯ ಬೆಲೆ 15 ನಯೇ ಪೈಸೆ. ಅದರ ಮೇಲೆ ಕೆಂಪು ಶಿಲುಬೆಯ ಲಾಂಛನವೂ ಹೆನ್ರಿ ಡ್ಯುನಾಂಟನ ಮುಖವೂ ಇದ್ದುವು.

ಯಾರೀ ಡ್ಯುನಾಂಟ್? ಜಿನೀವಾ ನಗರದ ಒಬ್ಬ ವ್ಯಾಪಾರಿ. 1859ರ ಜೂನ್ ತಿಂಗಳಲ್ಲಿ ಸ್ವಂತ ವ್ಯವಹಾರಕ್ಕೆಂದು ಇಟಲಿಗೆ ಹೋಗಿದ್ದವನು, ಸೊಲ್ಫೆರಿನೊ ಎಂಬಲ್ಲಿ ನಡೆದ ಘೋರ ಕದನದ ಗಾಯಾಳುಗಳನ್ನು ಕಂಡನು. ಸಾವಿರಾರು ಸೈನಿಕರು ನೀರಿಲ್ಲದೆ, ಕಟ್ಟು ಕಟ್ಟುವವರಿಲ್ಲದೆ ನರಳುತ್ತಿದ್ದರು. ಬಂದ ಕೆಲಸವನ್ನು ಮರೆತು, ಸಮೀಪದ ಊರಿನ ಹೆಂಗಸರನ್ನು ಕೂಡಿಸಿಕೊಂಡು, ಮಿತ್ರರೆಂದೂ ಶತ್ರುಗಳೆಂದೂ ಎಣಿಸದೆ ಅವರ ಶುಶ್ರೂಷೆಗೆ ನಿಂತನು. ಆ ಅನುಭವವನ್ನು 1862ರಲ್ಲಿ ಪುಸ್ತಕವಾಗಿ ಬರೆದನು. ಮರುವರ್ಷವೇ ಜಿನೀವಾದಲ್ಲಿ ಐವರ ಸಮಿತಿಯೊಂದು ಏರ್ಪಟ್ಟಿತು. ಅದೇ ರೆಡ್ ಕ್ರಾಸಿನ ಮೊಳಕೆ.

ಮುಂದಿನ ಕಥೆ ವಿಷಾದಕರವಾದುದು. 1867ರಲ್ಲಿ ಡ್ಯುನಾಂಟ್ ದಿವಾಳಿಯಾದನು. ಸಮಿತಿಯಲ್ಲಿ ಅವನಿಗೆ ಸ್ಥಾನವಿಲ್ಲದಾಯಿತು. ಬಡತನದಲ್ಲಿ ಊರೂರು ಅಲೆದು, ಕೊನೆಗೆ ಹೈಡನ್ ಎಂಬ ಸಣ್ಣ ಊರಿನ ಆಸ್ಪತ್ರೆಯನ್ನು ಸೇರಿದನು. ಅವನು ಬದುಕಿರುವನೆಂಬುದೇ ಲೋಕಕ್ಕೆ ಮರೆತಿತ್ತು. 1895ರಲ್ಲಿ ಪತ್ರಕರ್ತನೊಬ್ಬನು ಅವನ ವಿಷಯವನ್ನು ಬರೆದ ಮೇಲೆ ಜನರ ಕಣ್ಣು ಅತ್ತ ಹೊರಳಿತು. 1901ರಲ್ಲಿ ಮೊಟ್ಟಮೊದಲ ನೊಬೆಲ್ ಶಾಂತಿ ಪಾರಿತೋಷಕದ ಅರ್ಧಭಾಗವು ಅವನಿಗೆ ಸಂದಿತು.

ಶತಮಾನೋತ್ಸವದ ವರ್ಷ ಸ್ವಿಟ್ಜರ್‌ಲೆಂಡ್ 5 ಫ್ರಾಂಕುಗಳ ಬೆಳ್ಳಿಯ ನಾಣ್ಯವನ್ನು ಟಂಕಿಸಿತು. ಅದರಲ್ಲಿ ಡ್ಯುನಾಂಟನ ಮುಖವಿಲ್ಲ. ಒಬ್ಬ ದಾದಿ ಮತ್ತು ಅವಳ ಆರೈಕೆಯಲ್ಲಿರುವ ರೋಗಿಗಳು ಶಿಲುಬೆಯ ಆಕಾರದಲ್ಲಿ ಕೂಡಿದ್ದಾರೆ. ಸೇವೆ ಒಬ್ಬನದಲ್ಲವೆಂದು ಹೇಳುವಂತಿದೆ ಆ ಚಿತ್ರ. ಆದರೂ ಭಾರತದ ಚೀಟಿಯೇ ನನಗೆ ಹೆಚ್ಚು ಮೆಚ್ಚಿಗೆ. ಬೆಳ್ಳಿಯ ನಾಣ್ಯವನ್ನು ಜನರು ಪೆಟ್ಟಿಗೆಯಲ್ಲಿ ಜೋಪಾನವಾಗಿಡುತ್ತಾರೆ. ಚೀಟಿಯಾದರೋ ಲಕೋಟೆಯ ಮೇಲೇರಿ, ಮುದ್ರೆಯ ಪೆಟ್ಟು ತಿಂದು, ಅಂಚೆಯವನ ಚೀಲದಲ್ಲಿ ಹಳ್ಳಿಯ ಮನೆಬಾಗಿಲಿಗೆ ಬರುತ್ತದೆ.

ಚೀಟಿಗಳಿಂದ ಸ್ಮರಣೆಯಷ್ಟೇ ಅಲ್ಲ, ಹಣವೂ ಒದಗಿದೆ. 1914ರಲ್ಲಿ ಫ್ರಾನ್ಸ್ ತನ್ನ 10 ಸಾಂತೀಮಿನ ಚೀಟಿಯ ಮೇಲೆ 5 ಸಾಂತೀಮುಗಳ ಅಧಿಕ ಬೆಲೆಯನ್ನು ಅಚ್ಚೊತ್ತಿತು. ಆ ಐದು ರೆಡ್ ಕ್ರಾಸಿನ ಪಾಲು. 1920ರಲ್ಲಿ ಸ್ಥಾಪಿತವಾದ ಭಾರತೀಯ ರೆಡ್ ಕ್ರಾಸ್ ಸಂಸ್ಥೆಯ ಸುವರ್ಣ ಮಹೋತ್ಸವಕ್ಕೆ 1970ರಲ್ಲಿ ನಮ್ಮ ಅಂಚೆ ಇಲಾಖೆಯು 20 ಪೈಸೆಯ ಚೀಟಿಯೊಂದನ್ನು ಹೊರಡಿಸಿತು. ಹಳೆಯ ಕಾಗದಗಳ ಕಟ್ಟನ್ನು ಬಿಚ್ಚಿದರೆ ಅದು ಈಗಲೂ ಕೈಗೆ ಸಿಕ್ಕೀತು.