ತೆಂಗಿನ ಬುಡಕ್ಕೆ ಹೊಂಗೆ

ಹಾಸನದ ಮೊಸಳೆ ಊರಿನ ಜೋಡಿ ಹೊಯ್ಸಳ ಗುಡಿ ನೋಡಲು ಬಂದವರೇ, ದಾರಿಬದಿಯ ತೆಂಗಿನ ತೋಟದೊಳಗೂ ಒಮ್ಮೆ ಇಣುಕಿ. ಮೆಡಿಟರೇನಿಯನ್ ಕಡೆಯವರಿಗೆ ಎಣ್ಣೆಮರ ಅಂದರೆ ಆಲಿವ್. ನಮಗೆ ತೆಂಗು, ಬದುವಿನ ಮೇಲೆ ಹೊಂಗೆ.

ಹೊಂಗೆ ದ್ವಿದಳ ಕುಲದ್ದು, ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಡುತ್ತದೆ. ಬೀಜದೆಣ್ಣೆ ಹಿಂದೆ ದೀಪಕ್ಕೆ, ಈಗ ಜೈವಿಕ ಇಂಧನಕ್ಕೂ. ಹಾಸನದ ಮಡೆನೂರಿನಲ್ಲಿ ಅದಕ್ಕೊಂದು ಪಾರ್ಕೇ ಇದೆ. ಮಿಕ್ಕ ಹಿಂಡಿ? ತೆಂಗಿಗೆ ಗೊಬ್ಬರ. ದನಕ್ಕೆ ಮಾತ್ರ ಹಾಕಬೇಡಿ, ವಿಷ.

ತೆಂಗಿನ ಉಣ್ಣುವ ಬೇರು ಹೆಚ್ಚಿರುವುದು ಬುಡದಿಂದ 2 ಮೀಟರ್ ಒಳಗೆ. ಪಾತಿ ಅಷ್ಟಗಲ ಇರಲಿ. ಮುಂಗಾರಿಗೆ ಅಲ್ಲಿ ಸೆಣಬು ಚೆಲ್ಲಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಮಗುಚಿ.

ಕಾಯಿ ಮಟ್ಟೆ ಸುಡ್ತೀರಾ? ಅಯ್ಯೋ! ಒಳಮೈ ಮೇಲಾಗಿ ಹೂಳಿ. ಮಳೆನೀರು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಬಿಟ್ಟುಕೊಡುತ್ತೆ, 5-6 ವರ್ಷ.