ಕುದುರೆಯ ಬಾಲದ ನವೆ

ಅಶ್ವದ ಸೌಂದರ್ಯವನ್ನು ವರ್ಣಿಸಹೊರಟವರು ಅದರ ಕೊರಳಿನ ಬಾಗನ್ನೂ ಜೂಲಿನ ಹೊಳಪನ್ನೂ ನಡೆಯ ಗಾಂಭೀರ್ಯವನ್ನೂ ಕೊಂಡಾಡಿ, ಬಾಲದ ಸರದಿ ಬರುವ ಹೊತ್ತಿಗೆ ಅದನ್ನು ಕೇವಲ ಅಲಂಕಾರವೆಂದೆಣಿಸಿ ಮುಂದೆ ಸಾಗುವುದುಂಟು. ವಾಸ್ತವವಾಗಿ, ಕೈಗಳಿಲ್ಲದ ಆ ಪ್ರಾಣಿಗೆ ತನ್ನ ತೊಡೆ, ಪಕ್ಕೆ, ಹೊಟ್ಟೆಗಳನ್ನು ನೊಣ ನುಸಿಗಳಿಂದ ಕಾಪಾಡಿಕೊಳ್ಳಲು ಪ್ರಕೃತಿಯು ದಯಪಾಲಿಸಿರುವ ಆಯುಧವೇ ಬಾಲ. ಇಂಥ ಬಾಲವನ್ನು ಕುದುರೆಯು ತಾನಾಗಿಯೇ ಲಾಯದ ಗೋಡೆಗೂ ಕಂಬಕ್ಕೂ ಬೇಲಿಗೂ ಒತ್ತಿ ಒತ್ತಿ ಉಜ್ಜಿ, ಕೂದಲು ಮುರಿದು, ಚರ್ಮ ಸುಲಿದು, ಬುಡದ ಮೊಂಡುಗೂದಲು ಸವೆದ ಪೊರಕೆಯಂತೆ ನಿಮಿರಿ ನಿಲ್ಲುವವರೆಗೆ ಹಾಳುಮಾಡಿಕೊಳ್ಳುತ್ತಿರುವಾಗ, ಅದನ್ನು ಕೆಟ್ಟ ಚಾಳಿಯೆಂದು ಗದರಿಸುವುದು ಆ ಮೂಕಜೀವಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ಬಾಲದ ನವೆಯೆಂಬುದು ಹಲವು ವ್ಯಾಧಿಗಳಿಗೆ ಸಾಮಾನ್ಯವಾದ ಒಂದು ಲಕ್ಷಣ. ಆದಕಾರಣ ಎಣ್ಣೆ ಮುಲಾಮುಗಳನ್ನು ಅರಸುವುದಕ್ಕೆ ಮುನ್ನ ಬಾಲವನ್ನೆತ್ತಿ ನೋಡಬೇಕು. ನವೆಯು ಬಾಲದ ಬುಡದಲ್ಲಿ ಮಾತ್ರವೇ ಇದೆಯೋ, ಜೂಲಿನಲ್ಲಿಯೂ ಹೊಟ್ಟೆಯ ನಡುಗೆರೆಯಲ್ಲಿಯೂ ಇದೆಯೋ, ವರ್ಷವಿಡೀ ಕಾಡುವುದೋ, ಮಳೆಗಾಲದ ಮುಸ್ಸಂಜೆಗಳಲ್ಲಿ ಹೆಚ್ಚುವುದೋ ಎಂಬುದನ್ನು ಗಮನಿಸಬೇಕು. ಇಷ್ಟನ್ನು ತಾಳ್ಮೆಯಿಂದ ಗಮನಿಸಿದವನಿಗೆ ಅರ್ಧ ನಿದಾನವು ದೊರೆತಂತೆಯೇ ಸರಿ.

ನವೆಯು ಗುದದ್ವಾರದ ಸುತ್ತಣ ಭಾಗಕ್ಕೆ ಸೀಮಿತವಾಗಿದ್ದರೆ ಮೊದಲು ಸಂದೇಹಿಸಬೇಕಾದದ್ದು ಆಕ್ಸಿಯೂರಿಸ್ ಇಕ್ವಿ ಎಂಬ ಜಂತುವನ್ನು. ಇದು ಕುದುರೆಯ ದೊಡ್ಡ ಕರುಳಿನಲ್ಲಿ ವಾಸಿಸುತ್ತದೆ. ಗಂಡು ಹುಳು ಸುಮಾರು ಒಂದು ಸೆಂಟಿಮೀಟರಿನಷ್ಟು ಪುಟ್ಟದು. ಹೆಣ್ಣಾದರೋ 10 ಸೆಂಟಿಮೀಟರನ್ನೂ ಮೀರಿ ಬೆಳೆಯಬಲ್ಲದು. ಉಳಿದ ಅನೇಕ ಜಂತುಗಳ ಮೊಟ್ಟೆಗಳು ಲದ್ದಿಯೊಡನೆ ಹೊರಬೀಳುತ್ತವೆಯಾದರೆ, ಈ ಹೆಣ್ಣುಹುಳು ಗುದದ್ವಾರದವರೆಗೆ ತಾನೇ ಬಂದು, ಅಲ್ಲಿನ ಚರ್ಮದ ಮೇಲೆ ಹಳದಿ ಬೆರೆತ ಬೂದುಬಣ್ಣದ ಅಂಟಿನಲ್ಲಿ ಹತ್ತಾರು ಸಾವಿರ ಮೊಟ್ಟೆಗಳನ್ನು ಮೆತ್ತಿಬಿಡುತ್ತದೆ. ಆ ಅಂಟು ಒಣಗಿ ಬಿರಿಯುವಾಗ ಉಂಟಾಗುವ ಕೆರೆತವನ್ನು ತಾಳಲಾರದೆ ಕುದುರೆಯು ಹಿಂಭಾಗವನ್ನು ಉಜ್ಜುತ್ತದೆ; ಉಜ್ಜಿದಂತೆಲ್ಲ ಮೊಟ್ಟೆಗಳು ಗೋಡೆಗೂ ಗೋದಲೆಗೂ ನೆಲಹುಲ್ಲಿಗೂ ಉದುರಿ, ನಾಲ್ಕೈದು ದಿನಗಳಲ್ಲಿ ಸೋಂಕು ತಗುಲಿಸುವ ಹಂತಕ್ಕೆ ಬಲಿತು, ಮೇವಿನೊಡನೆ ಮತ್ತೆ ಅದೇ ಕುದುರೆಯ ಅಥವಾ ನೆರೆಯ ಕುದುರೆಯ ಉದರವನ್ನು ಸೇರುತ್ತವೆ. ಹುಳುವು ಮತ್ತೆ ಪ್ರೌಢವಾಗಲು ಸುಮಾರು ಐದು ತಿಂಗಳು ಬೇಕು.

ಮೊಟ್ಟೆಯು ಲದ್ದಿಯಲ್ಲಿ ಅಪರೂಪವಾಗಿ ಸಿಗುವುದರಿಂದ, ಲದ್ದಿಯನ್ನು ಪರೀಕ್ಷಿಸಿ ಜಂತುವಿಲ್ಲವೆಂದು ನಿಶ್ಚಿಂತರಾಗುವುದು ಈ ವಿಷಯದಲ್ಲಿ ಸಲ್ಲದು. ಪಾರದರ್ಶಕವಾದ ಅಂಟುಪಟ್ಟಿಯ ತುಣುಕೊಂದನ್ನು ಗುದದ ಬಳಿಯ ಚರ್ಮಕ್ಕೆ ಒತ್ತಿ ತೆಗೆದು, ಪಶುವೈದ್ಯರು ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಂದೇಹವು ಪರಿಹಾರವಾಗುತ್ತದೆ. ಔಷಧವನ್ನು ಅವರೇ ಆರಿಸುವುದು ಲೇಸು. ಏಕೆಂದರೆ ಬಹುಕಾಲದಿಂದ ಬಳಕೆಯಲ್ಲಿರುವ ಐವರ್ಮೆಕ್ಟಿನ್ ಕೊಟ್ಟ ಮೇಲೂ ಈ ಹುಳು ಉಳಿದುಕೊಂಡಿರುವ ನಿದರ್ಶನಗಳು ಹಲವು ದೇಶಗಳಿಂದ ವರದಿಯಾಗಿವೆ. ಆದರೆ ಔಷಧವೊಂದೇ ಸಾಲದು. ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಬಾಲದ ಅಡಿಯನ್ನು ನಿತ್ಯವೂ ಒರೆಸಿ, ಆ ಬಟ್ಟೆಯನ್ನು ಅಂದಂದೇ ಸುಟ್ಟುಬಿಡಬೇಕು. ಗೋದಲೆ, ನೀರಿನ ತೊಟ್ಟಿ, ಕಂಬಗಳನ್ನು ಬಿಸಿನೀರಿನಿಂದ ತಿಕ್ಕಿ ತೊಳೆಯಬೇಕು. ಒಂದು ಕುದುರೆಯ ಹಿಂಭಾಗವನ್ನೊರೆಸಿದ ಸ್ಪಂಜಿನಿಂದಲೇ ಇನ್ನೊಂದರ ಮುಖವನ್ನು ಒರೆಸುವ ಅಜಾಗರೂಕತೆಯಿಂದ ಇಡೀ ಲಾಯಕ್ಕೆ ಜಂತು ಹರಡಬಲ್ಲದು.

ನವೆಯು ಬಾಲದ ಬುಡದೊಡನೆ ಜೂಲಿನ ಬುಡದಲ್ಲಿಯೂ ಕಾಣಿಸಿಕೊಂಡು, ಮುಂಜಾವ ಮುಸ್ಸಂಜೆಗಳಲ್ಲಿ ಕೆರಳುವಂತಿದ್ದರೆ ಅಪರಾಧಿಯು ಬಹುಮಟ್ಟಿಗೆ ಬೇರೆಯೇ ಆಗಿರುತ್ತದೆ. ಕ್ಯುಲಿಕಾಯ್ಡಿಸ್ ಎಂದು ಶಾಸ್ತ್ರಜ್ಞರು ಹೆಸರಿಸಿರುವ ಕುಲದ ನೊರಜುಗಳು ಒಂದರಿಂದ ಮೂರು ಮಿಲಿಮೀಟರಿನಷ್ಟು ಉದ್ದವಿದ್ದು, ಕಣ್ಣಿಗೆ ಬೀಳುವುದೇ ಕಷ್ಟ. ನಮ್ಮ ಕುರಿಗಾಹಿಗಳು ಬಹುವಾಗಿ ಅಂಜುವ ನೀಲಿನಾಲಿಗೆ ರೋಗವನ್ನು ಕುರಿಯಿಂದ ಕುರಿಗೆ ಸಾಗಿಸುವುದೂ ಇದೇ ಕುಲದ ಕೀಟ. ಕುದುರೆಯಲ್ಲಿ ಮಾತ್ರ ಅದರ ಜೊಲ್ಲೇ ಒಂದು ವಿಷಮ ಪ್ರತಿಕ್ರಿಯೆಯನ್ನೆಬ್ಬಿಸುತ್ತದೆ: ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ದೇಹವು ಶತ್ರುವೆಂದು ಭಾವಿಸಿ ಮಿತಿಮೀರಿ ಹೋರಾಡತೊಡಗಿ, ಕೆಲವೇ ಕಡಿತಗಳಿಗೆ ಚರ್ಮವೆಲ್ಲ ಉರಿಯೆದ್ದು ನವೆಯಾಗುತ್ತದೆ. ಇದು ಒಗ್ಗದಿಕೆಯೇ ಹೊರತು ಸೋಂಕಲ್ಲವಾದ್ದರಿಂದ, ಒಂದೇ ಲಾಯದಲ್ಲಿ ಒಂದು ಕುದುರೆಯು ನರಳುತ್ತಿರುವಾಗ ಪಕ್ಕದ್ದು ನೆಮ್ಮದಿಯಿಂದ ಮೇವು ಮೆಲ್ಲುತ್ತಿರಬಹುದು. ಈ ಪ್ರವೃತ್ತಿಯು ವಂಶಪಾರಂಪರ್ಯವಾಗಿ ಬರುವುದೂ ಉಂಟು.

ಈ ವಿಷಯದಲ್ಲಿ ಐಸ್‌ಲೆಂಡಿನ ಕುದುರೆಗಳ ಕಥೆಯು ಮನನಯೋಗ್ಯವಾದದ್ದು. ಆ ದ್ವೀಪದ ಜನರು ತಮ್ಮ ತಳಿಯ ಶುದ್ಧಿಗಾಗಿಯೂ ರೋಗಭಯದಿಂದಲೂ ಹೊರಗಣ ಕುದುರೆಗಳನ್ನು ಶತಮಾನಗಳಿಂದ ಬರಗೊಡುತ್ತಿಲ್ಲ. ಒಮ್ಮೆ ಹೊರಹೋದ ತಮ್ಮದೇ ಕುದುರೆಯೂ ಹಿಂದಿರುಗುವಂತಿಲ್ಲ. ಈ ನೊರಜಿನ ಕಾಟವನ್ನು ಅಷ್ಟಾಗಿ ಅರಿಯದೆ ಅಲ್ಲಿ ಬೆಳೆದ ಕುದುರೆಗಳು ಯುರೋಪಿನ ಖಂಡಭಾಗಕ್ಕೆ ಮಾರಾಟವಾಗಿ ಹೋದ ಕೆಲವೇ ವರ್ಷಗಳಲ್ಲಿ ಅವುಗಳ ಪೈಕಿ ದೊಡ್ಡದೊಂದು ಪಾಲು ಈ ನವೆಗೆ ತುತ್ತಾಗುತ್ತದೆ. ಅದೇ ತಳಿಯದಾಗಿದ್ದರೂ ಖಂಡದಲ್ಲಿಯೇ ಹುಟ್ಟಿ, ಎಳವೆಯಿಂದ ಕೀಟದ ಪರಿಚಯವಿರುವ ಕುದುರೆಗಳಲ್ಲಿ ಇದು ಬಹಳ ಕಡಮೆ. ರಕ್ತದ ಗುಣವೊಂದೇ ಇದಕ್ಕೆ ಕಾರಣವಲ್ಲವೆಂದೂ, ದೇಹವು ಯಾವ ವಯಸ್ಸಿನಲ್ಲಿ ಯಾವುದನ್ನು ಎದುರಿಸಿತೆಂಬುದೂ ಮುಖ್ಯವೆಂದೂ ಇದರಿಂದ ವಿಶದವಾಗುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಈ ವ್ಯಾಧಿಯು ಆ ಪ್ರಾಂತದ ಹೆಸರಿನಿಂದಲೇ ಪ್ರಸಿದ್ಧವಾಗಿದ್ದು, 1950ರ ದಶಕದಲ್ಲಿ ಅಲ್ಲಿ ನಡೆದ ಪರಿಶೋಧನೆಗಳು ಇದರ ಸ್ವರೂಪವನ್ನು ತಿಳಿಯುವುದರಲ್ಲಿ ಬಹಳ ನೆರವಾದುವು.

ನೊರಜನ್ನು ಗೆಲ್ಲುವ ಉಪಾಯವು ಅದರ ದೌರ್ಬಲ್ಯದಲ್ಲಿಯೇ ಅಡಗಿದೆ. ಅದು ಬಲಹೀನವಾದ ಹಾರುಗ, ಗಾಳಿಯಾಡುವೆಡೆಯಲ್ಲಿ ನಿಲ್ಲಲಾರದು. ಆದ್ದರಿಂದ ನಸುಕಿಗೂ ಸಂಜೆಗೂ ಕುದುರೆಯನ್ನು ಹೊಲ ಕೆರೆಗಳ ಅಂಚಿನಲ್ಲಿ ಬಿಡದೆ ಲಾಯದೊಳಗೆ ಕಟ್ಟಿ, ದೊಡ್ಡದೊಂದು ವಿದ್ಯುತ್ ಬೀಸಣಿಗೆಯನ್ನು ಓಡಿಸಿದರೆ ಕಾಟವು ಎಷ್ಟೋ ಕುಗ್ಗುತ್ತದೆ. ಸಾಮಾನ್ಯ ಸೊಳ್ಳೆಪರದೆಯ ಕಂಡಿಗಳಲ್ಲಿ ಈ ಕೀಟವು ನುಸುಳಿಬಿಡುವುದರಿಂದ, ಕಿಟಕಿಗೆ ಇನ್ನೂ ಸೂಕ್ಷ್ಮವಾದ ಬಲೆ ಬೇಕು. ಹಸಿಯಾದ ಕೆಸರೂ ಕೊಳೆತ ಲದ್ದಿಯೂ ಇದರ ತವರು. ತಿಪ್ಪೆಯನ್ನು ಲಾಯದಿಂದ ದೂರಕ್ಕೊಯ್ದು, ನೀರಿನ ತೊಟ್ಟಿಯ ಸುತ್ತಣ ರೊಚ್ಚಿಗೆ ಜಲ್ಲಿ ಹಾಕಿಸಬೇಕು. ಮೈಯನ್ನೂ ಬಾಲದ ಬುಡವನ್ನೂ ಮುಚ್ಚುವ ತೆಳುವಾದ ಹೊದಿಕೆಯು ಶ್ರೇಷ್ಠ ರಕ್ಷಣೆ. ಇವೆಲ್ಲವನ್ನೂ ಮುಂಗಾರು ಹಿಡಿಯುವ ಮುನ್ನವೇ ಆರಂಭಿಸಬೇಕು. ಚರ್ಮವು ಒಮ್ಮೆ ಕೆರಳಿದ ಬಳಿಕ ಶಮನವು ದುಸ್ಸಾಧ್ಯ.

ಉಳಿದ ಕಾರಣಗಳನ್ನು ಸಂಕ್ಷೇಪವಾಗಿ ಹೇಳಬಹುದು. ಹೇನುಗಳೂ ಚರ್ಮದ ನುಸಿಹುಳುಗಳೂ ಬಾಲದ ಬುಡದಲ್ಲಿ ನೆಲಸುವುದುಂಟು. ಮೈತೊಳೆದಾಗ ಕೂದಲಿನಡಿ ಉಳಿದುಬಿಡುವ ಸಾಬೂನು, ಒಣಗಿದ ಬೆವರು, ಒಗ್ಗದ ಮೇವು ಇವೂ ನವೆಯನ್ನೆಬ್ಬಿಸುತ್ತವೆ. ಹೆಣ್ಣುಕುದುರೆಯ ಕೆಚ್ಚಲಿನ ತೊಟ್ಟುಗಳ ನಡುವೆಯೂ ಗಂಡಿನ ಶಿಶ್ನಕೋಶದೊಳಗೂ ಕೂಡುವ ಮೇಣದಂಥ ಕೊಳೆಯನ್ನು ಎಷ್ಟೋ ಜನ ಮರೆತೇಬಿಡುತ್ತಾರೆ. ಅಲ್ಲಿಗೆ ಬಾಯಿಯಾಗಲಿ ಕಾಲಾಗಲಿ ನಿಲುಕದೆ ಪ್ರಾಣಿಯು ಬಾಲವನ್ನು ಉಜ್ಜಿಕೊಂಡು ಸಂಕಟವನ್ನು ತೋಡಿಕೊಳ್ಳುತ್ತದೆ.

ಕನ್ನಡನಾಡಿಗೆ ಅಶ್ವಪಾಲನೆಯು ಹೊಸದಲ್ಲ. ಹಿಂದಿನ ಕಾಲದ ಕವಿ ಅಭಿನವಚಂದ್ರನು ಕುದುರೆಯ ವೈದ್ಯವನ್ನೇ ಕುರಿತು ಕನ್ನಡದಲ್ಲಿ ಗ್ರಂಥವನ್ನು ರಚಿಸಿದನು. ಕುಣಿಗಲಿನಲ್ಲಿ ಟಿಪ್ಪುವಿನ ಕಾಲದಿಂದಲೂ ಕುದುರೆಗಳನ್ನು ಸಾಕಿ ಬೆಳೆಸಿದ್ದಾರೆ. ಪಂದ್ಯದ ಕುದುರೆಗಳ ಲಾಯಗಳಲ್ಲಿ ವೈದ್ಯರು ಸದಾ ಹತ್ತಿರವಿರುತ್ತಾರೆ. ಆದರೆ ನನ್ನ ಚಿಂತೆಯು ಮೈಸೂರಿನ ಟಾಂಗಾದ ಕುದುರೆಯನ್ನೂ, ಮದುವೆಯ ಮೆರವಣಿಗೆಗಾಗಿ ಸಾಕಿದ ಬಡವರ ಕುದುರೆಯನ್ನೂ ಕುರಿತದ್ದು. ಇಲ್ಲಿ ಹೇಳಿದ ಆರೈಕೆಯಲ್ಲಿ ಹೆಚ್ಚಿನದು ಹಣವನ್ನು ಬೇಡದೆ, ದಿನಕ್ಕೆ ಸ್ವಲ್ಪ ಹೊತ್ತನ್ನು ಮಾತ್ರ ಬೇಡುತ್ತದೆ.

ಕಾರಣವನ್ನು ನೀಗುವವರೆಗೆ ನವೆಯನ್ನು ತಣಿಸುವುದೂ ಕರ್ತವ್ಯವೇ. ತಣ್ಣೀರನ್ನು ಧಾರಾಳವಾಗಿ ಹೊಯ್ದು, ಸಾಬೂನನ್ನು ಬಳಸಿದ್ದರೆ ಅದರ ಲೇಶವೂ ಉಳಿಯದಂತೆ ತೊಳೆದರೆ ಉರಿಯು ಕೆಲಹೊತ್ತು ಇಳಿಯುತ್ತದೆ. ಬೆಂಜೈಲ್ ಬೆಂಜೊಯೇಟ್ ಲೇಪವು ನೊರಜನ್ನು ದೂರವಿಡಲು ಹಳೆಯದಾದರೂ ಉಪಯುಕ್ತವಾದ ಸಾಧನ. ಬೇವಿನೆಣ್ಣೆಯನ್ನು ಹಚ್ಚುವವರೂ ಉಂಟು. ಯಾವುದನ್ನೇ ಆಗಲಿ ಮೊದಲು ಸ್ವಲ್ಪ ಜಾಗಕ್ಕೆ ಹಚ್ಚಿ ಒಂದು ದಿನ ಕಾದು ನೋಡಬೇಕು, ಸುಲಿದ ಗಾಯಕ್ಕಂತೂ ಹಚ್ಚಲೇಬಾರದು. ತೀವ್ರವಾದ ನವೆಗೆ ವೈದ್ಯರು ಸ್ಟೀರಾಯ್ಡನ್ನು ಕೊಡಬಹುದು. ಅದನ್ನು ಅಂಗಡಿಯಿಂದ ತಾವೇ ತಂದು ಕೊಟ್ಟರೆ ಗೊರಸಿನೊಳಗೆ ಉರಿಯೂತವುಂಟಾಗಿ ಕುದುರೆಯು ನಿಲ್ಲಲೂ ಆಗದ ಸ್ಥಿತಿಗೆ ಬರುವ ಅಪಾಯವಿದೆ. ಉಜ್ಜದಿರಲೆಂದು ಬಾಲಕ್ಕೆ ಪಟ್ಟಿಯನ್ನು ಸುತ್ತುವವರು ಅದನ್ನು ಬಿಗಿಯಾಗಿ ಕಟ್ಟಿ ರಾತ್ರಿಯಿಡೀ ಬಿಡಬಾರದು. ರಕ್ತಸಂಚಾರವು ನಿಂತು ಬಾಲವೇ ಕೊಳೆಯಬಹುದು. ನವೆಯು ಅಡಗಿದ ಮೇಲೂ ಕೂದಲು ಮೊದಲಿನ ಉದ್ದಕ್ಕೆ ಬೆಳೆಯಲು ಹಲವು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ನೊಣವನ್ನೋಡಿಸುವ ಕೆಲಸವನ್ನು ಕುದುರೆಯ ಪರವಾಗಿ ಯಜಮಾನನೇ ಹೊದಿಕೆಯಿಂದಲೂ ಬೀಸಣಿಗೆಯಿಂದಲೂ ನಡೆಸಬೇಕಾಗುತ್ತದೆ.