ಪೌರಸಂಸ್ಥೆಯ ಮಳಿಗೆ: ಬೆಳೆದ ವರ್ತಕನು ಬಿಟ್ಟುಕೊಡಬೇಕೆ?

ಕೊಪ್ಪಳ ಮತ್ತು ಗಂಗಾವತಿಗಳಲ್ಲಿ ನಗರಸಭೆ, ಕುಷ್ಟಗಿಯಲ್ಲಿ ಪುರಸಭೆ, ಯಲಬುರ್ಗಾದಲ್ಲಿ ಪಟ್ಟಣ ಪಂಚಾಯಿತಿ. ದರ್ಜೆ ಬೇರೆಯಾದರೂ ಈ ಸಂಸ್ಥೆಗಳನ್ನು ಆಳುವ ಕಾಯ್ದೆ ಒಂದೇ. ಪೇಟೆಯ ಮಳಿಗೆಗಳ ವಿಷಯದಲ್ಲಿ ಅವುಗಳ ಮುಂದಿರುವ ಪ್ರಶ್ನೆಯೂ ಒಂದೇ. ಸಾರ್ವಜನಿಕರ ಹಣದಿಂದ ಕಟ್ಟಿದ ಮಳಿಗೆಯೊಂದರಲ್ಲಿ ಸಣ್ಣ ಬಂಡವಾಳದೊಂದಿಗೆ ವ್ಯಾಪಾರ ಆರಂಭಿಸಿದವನು ಕಾಲಕ್ರಮದಲ್ಲಿ ಬೆಳೆದು, ಸ್ವಂತ ಕಟ್ಟಡ ಹಾಗೂ ಗೋದಾಮು ಹೊಂದುವ ಸ್ಥಿತಿಗೆ ಬಂದ ಮೇಲೂ ಅದೇ ಮಳಿಗೆಯಲ್ಲಿ ಹಳೆಯ ಬಾಡಿಗೆಗೇ ಮುಂದುವರಿಯಬಹುದೇ? ಅಥವಾ ಆ ಜಾಗವನ್ನು ಇಂದು ಆರಂಭಿಸುತ್ತಿರುವ ಮತ್ತೊಬ್ಬನಿಗೆ ಬಿಟ್ಟುಕೊಡಬೇಕೆ?

ಗುತ್ತಿಗೆಯ ಅವಧಿ ಮುಗಿದು ನೋಟಿಸು ಕೈಸೇರಿದ ಬಳಿಕ ಈ ಪ್ರಶ್ನೆಯು ತುರ್ತಾಗಿ ಕಾಣಿಸುತ್ತದೆ. ಆದರೆ ಇದನ್ನು ಮೊದಲೇ ಶಾಂತಚಿತ್ತದಿಂದ ಪರಾಮರ್ಶಿಸುವುದು ವರ್ತಕರಿಗೂ ಪೌರಸಂಸ್ಥೆಗಳಿಗೂ ಹಿತಕರ.

ಕಾಯ್ದೆಯ ಹಿನ್ನೆಲೆ

1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ 72ನೇ ಪ್ರಕರಣವು ಸ್ಥಿರಾಸ್ತಿಯನ್ನು ಗುತ್ತಿಗೆಗೆ ಕೊಡುವ ಅಧಿಕಾರವನ್ನು ಪೌರಸಂಸ್ಥೆಗೆ ನೀಡಿದೆ. ಆದರೆ ದೀರ್ಘಾವಧಿಯ ಗುತ್ತಿಗೆಗೆ ಮೇಲಿನ ಮಂಜೂರಾತಿಯ ನಿರ್ಬಂಧವನ್ನು ವಿಧಿಸಿದೆ. ಮಳಿಗೆಗಳನ್ನು ಬಹಿರಂಗ ಹರಾಜಿನ ಮೂಲಕ ನಿಗದಿತ ಅವಧಿಗೆ ಕೊಡುವುದು ರೂಢಿಯಲ್ಲಿರುವ ಕ್ರಮ.

ಖಾಸಗಿ ಮಾಲೀಕನ ಬಾಡಿಗೆದಾರನಿಗೂ ಪೌರಸಂಸ್ಥೆಯ ಬಾಡಿಗೆದಾರನಿಗೂ ಇರುವ ಮುಖ್ಯ ವ್ಯತ್ಯಾಸವನ್ನು ಅನೇಕರು ಗಮನಿಸಿರುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ಸ್ಥಳೀಯ ಸಂಸ್ಥೆಗಳಿಗೆ ಸೇರಿದ ಕಟ್ಟಡಗಳಿಗೆ ಅನ್ವಯಿಸುವುದೇ ಇಲ್ಲ. ಅವುಗಳಿಗೆ ಅನ್ವಯಿಸುವುದು 1974ರ ಕರ್ನಾಟಕ ಸಾರ್ವಜನಿಕ ಆವರಣಗಳ (ಅನಧಿಕೃತ ಅಧಿಭೋಗದಾರರ ಹೊರಹಾಕುವಿಕೆ) ಅಧಿನಿಯಮ. ಅದರ ಪ್ರಕಾರ ಗುತ್ತಿಗೆಯ ಅವಧಿ ತೀರಿದ ಮೇಲೂ ಕುಳಿತಿರುವವನು, ಎಷ್ಟೇ ವರ್ಷಗಳಿಂದ ಅಲ್ಲಿದ್ದರೂ, ಅನಧಿಕೃತ ಅಧಿಭೋಗದಾರನೆನಿಸಬಹುದು. ಸಕ್ಷಮ ಅಧಿಕಾರಿಯು ಮೊದಲು ಕಾರಣ ಕೇಳುವ ನೋಟಿಸು ಕೊಟ್ಟು, ಉತ್ತರವನ್ನು ಪರಿಶೀಲಿಸಿ, ಬಳಿಕ ತೆರವಿನ ಆದೇಶ ಹೊರಡಿಸಬೇಕು. ಆದೇಶದ ವಿರುದ್ಧ ಜಿಲ್ಲಾ ನ್ಯಾಯಾಧೀಶರಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಅನಧಿಕೃತ ಅವಧಿಗೆ ನಷ್ಟ ಪರಿಹಾರವನ್ನು ವಸೂಲು ಮಾಡುವ ಅಧಿಕಾರವೂ ಕಾಯ್ದೆಯಲ್ಲಿದೆ. 'ಇಷ್ಟು ವರ್ಷ ಇದ್ದೇವೆ, ಆದ್ದರಿಂದ ಹಕ್ಕು ಬಂದಿದೆ' ಎಂಬ ನಂಬಿಕೆಗೆ ಇಲ್ಲಿ ಕಾಯ್ದೆಯ ಆಸರೆ ಬಹಳ ಕಡಿಮೆ.

ಅಂತರ ಎಲ್ಲಿಗೆ ಹೋಗುತ್ತದೆ?

ವಿಷಯವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಪೌರಸಂಸ್ಥೆಯ ಮಳಿಗೆಯೊಂದರ ತಿಂಗಳ ಬಾಡಿಗೆ 1,500 ರೂ. ಎಂದೂ, ಅದೇ ಬೀದಿಯ ಅಷ್ಟೇ ಅಳತೆಯ ಖಾಸಗಿ ಮಳಿಗೆಯ ಬಾಡಿಗೆ 8,000 ರೂ. ಎಂದೂ ಇಟ್ಟುಕೊಳ್ಳೋಣ. ಅಂತರವು ತಿಂಗಳಿಗೆ 6,500 ರೂ., ವರ್ಷಕ್ಕೆ 78,000 ರೂ. ಅಂತಹ 50 ಮಳಿಗೆಗಳಿದ್ದರೆ ವರ್ಷಕ್ಕೆ 39 ಲಕ್ಷ ರೂ. ಬಾಡಿಗೆಯನ್ನು ವರ್ಷಕ್ಕೆ ಶೇ. 5ರಂತೆ ಏರಿಸುತ್ತ ಹೋದರೂ 12 ವರ್ಷಗಳ ನಂತರ ಅದು ಸುಮಾರು 2,700 ರೂ.ಗಳನ್ನಷ್ಟೇ ಮುಟ್ಟುತ್ತದೆ. ಅಂದರೆ ಆರಂಭದ ಬಾಡಿಗೆಯೇ ತೀರ ಕಡಿಮೆಯಾಗಿದ್ದರೆ ವಾರ್ಷಿಕ ಏರಿಕೆಯಿಂದ ಆ ಅಂತರ ಮುಚ್ಚುವುದಿಲ್ಲ.

ಈ ಹಣವು ಪೌರಸಂಸ್ಥೆಗೆ ಬರಲಿಲ್ಲವೆಂದರೆ ಚರಂಡಿ, ಬೀದಿದೀಪ, ಕುಡಿಯುವ ನೀರು, ಮಾರುಕಟ್ಟೆಯ ಶೌಚಾಲಯ ಇವುಗಳಿಗೆ ಬಂದಿಲ್ಲವೆಂದೇ ಅರ್ಥ. ಆ ಸೌಲಭ್ಯಗಳ ಕೊರತೆಯಿಂದ ಮೊದಲು ತೊಂದರೆಗೊಳಗಾಗುವವರು ಅದೇ ಪೇಟೆಯ ವರ್ತಕರು. ಖಾಸಗಿ ಮಳಿಗೆಗೆ ಪೂರ್ಣ ಬಾಡಿಗೆ ಕೊಡುವ ವ್ಯಾಪಾರಿಯು ಕಡಿಮೆ ಬಾಡಿಗೆಯ ನೆರೆಯವನೊಡನೆ ಅದೇ ಸರಕನ್ನು ಅದೇ ದರಕ್ಕೆ ಮಾರಿ ಸ್ಪರ್ಧಿಸಬೇಕಾಗುತ್ತದೆ ಎಂಬುದೂ ಕಡೆಗಣಿಸತಕ್ಕ ಸಂಗತಿಯಲ್ಲ.

ಇದಕ್ಕಿಂತ ಗಂಭೀರವಾದುದು ಒಳಬಾಡಿಗೆಯ ಪಿಡುಗು. ಹರಾಜಿನಲ್ಲಿ ಮಳಿಗೆ ಪಡೆದವನು ತಾನು ವ್ಯಾಪಾರ ಮಾಡದೆ, ಪಗಡಿ ಪಡೆದು ಮತ್ತೊಬ್ಬನನ್ನು ಕೂರಿಸಿ, ಪೇಟೆಯ ದರದಲ್ಲಿ ಬಾಡಿಗೆ ಎತ್ತುತ್ತಾನೆ. 'ಉಂಡೂ ಹೋದ, ಕೊಂಡೂ ಹೋದ' ಎಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ಬೇಕಿಲ್ಲ. ಇಲ್ಲಿ ಅಂತರದ ಹಣವು ಪೌರಸಂಸ್ಥೆಗೂ ಇಲ್ಲ, ದುಡಿಯುವ ವ್ಯಾಪಾರಿಗೂ ಇಲ್ಲ. ಹೆಸರಿಗಷ್ಟೇ ಬಾಡಿಗೆದಾರನಾದವನ ಪಾಲಾಗುತ್ತದೆ.

ವರ್ತಕರ ಪಕ್ಷವೂ ಇದೆ

ಹಾಗೆಂದು ಹಳೆಯ ಬಾಡಿಗೆದಾರರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಅಂಗಡಿಯ ಸ್ಥಳವೇ ವ್ಯಾಪಾರದ ಅರ್ಧ ಬಂಡವಾಳ. ಗಿರಾಕಿಯು ಅಂಗಡಿಯನ್ನು ಹೆಸರಿಗಿಂತ ಹೆಚ್ಚಾಗಿ ಜಾಗದಿಂದ ಗುರುತಿಸುತ್ತಾನೆ. ಗಂಗಾವತಿಯ ಭತ್ತದ ಸುಗ್ಗಿಯಲ್ಲಾಗಲಿ, ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಬೆಳೆಗಳ ಹಂಗಾಮಿನಲ್ಲಾಗಲಿ, ರೈತರಿಗೆ ಕೊಟ್ಟ ಉದ್ರಿಯು ಸುಗ್ಗಿಯ ನಂತರವೇ ವಸೂಲಾಗುವುದು. ನಡುವೆ ಅಂಗಡಿ ಸ್ಥಳಾಂತರವಾದರೆ ವಸೂಲಿಯೂ ಕುಂಠಿತವಾಗುತ್ತದೆ. ಕಪಾಟು, ಛಾವಣಿ, ವಿದ್ಯುತ್ ಜೋಡಣೆಗೆಂದು ಬಾಡಿಗೆದಾರನೇ ಹಾಕಿದ ಹಣವು ತೆರವಿನ ದಿನ ಲೆಕ್ಕಕ್ಕೆ ಬರುವುದಿಲ್ಲ.

ಹರಾಜಿಗೂ ತನ್ನದೇ ದೋಷಗಳಿವೆ. ಹಠಕ್ಕೆ ಬಿದ್ದು ದುಬಾರಿ ಬಿಡ್ ಕೂಗಿದವನು ಕೆಲವೇ ತಿಂಗಳಲ್ಲಿ ಬಾಡಿಗೆ ಕಟ್ಟಲಾರದೆ ಕೈಚೆಲ್ಲಿದರೆ, ಮಳಿಗೆಗೆ ಬೀಗ ಬಿದ್ದು ಪೌರಸಂಸ್ಥೆಗೆ ಹಳೆಯ ಬಾಡಿಗೆಯೂ ತಪ್ಪುತ್ತದೆ. ಕೇವಲ ಹಣಬಲದ ಸ್ಪರ್ಧೆಯಾದರೆ, ಹೊಸಬರಿಗೆ ದಾರಿ ಮಾಡಿಕೊಡಲೆಂದು ತೆರವುಗೊಳಿಸಿದ ಮಳಿಗೆಯು ಮತ್ತೊಬ್ಬ ಸಿರಿವಂತನ ಪಾಲಾಗುವುದೂ ಉಂಟು.

ಆದಾಯವೇ ಅಳತೆಗೋಲಾಗಬೇಕೆ?

ಇದೇ ಪ್ರಶ್ನೆಯು ವಸತಿಯ ಕ್ಷೇತ್ರದಲ್ಲಿ ಹೊರದೇಶಗಳಲ್ಲಿ ಬಹುಕಾಲದಿಂದ ಚರ್ಚೆಯಲ್ಲಿದೆ. ನಮ್ಮ ರಾಜ್ಯದಲ್ಲಿ 1991-92ರಲ್ಲಿ ಆರಂಭವಾದ ಆಶ್ರಯ ಯೋಜನೆಯಂಥವುಗಳಲ್ಲಿ ಮನೆಯು ಫಲಾನುಭವಿಯ ಸ್ವಂತದ್ದಾಗುವುದರಿಂದ, ಆದಾಯವನ್ನು ಆಯ್ಕೆಯ ಸಮಯದಲ್ಲಷ್ಟೇ ಕೇಳಲಾಗುತ್ತದೆ. ಸರ್ಕಾರವೇ ಮನೆಗಳ ಮಾಲೀಕನಾಗಿ ಉಳಿದು ಬಾಡಿಗೆಗೆ ಕೊಡುವ ಕಡೆಗಳಲ್ಲಿ ಮಾತ್ರ, ಬಾಡಿಗೆದಾರನು ಸ್ಥಿತಿವಂತನಾದಾಗ ಏನು ಮಾಡಬೇಕೆಂಬ ಪ್ರಶ್ನೆ ಏಳುತ್ತದೆ.

ಹಾಂಗ್‌ಕಾಂಗ್‌ನಲ್ಲಿ 1987ರಲ್ಲಿ ಜಾರಿಗೆ ಬಂದ ನೀತಿಯಂತೆ, ಸರ್ಕಾರಿ ಮನೆಯಲ್ಲಿ 10 ವರ್ಷ ಕಳೆದ ಕುಟುಂಬವು ತನ್ನ ಆದಾಯವನ್ನು ಘೋಷಿಸಬೇಕಾಯಿತು. ಮಿತಿ ಮೀರಿದವರು ಹೆಚ್ಚಿನ ಬಾಡಿಗೆ ತೆರಬೇಕಾಯಿತು. 2017ರ ಪರಿಷ್ಕರಣೆಯಲ್ಲಿ, ನಿಗದಿತ ಆದಾಯ ಮಿತಿಯ ಐದು ಪಟ್ಟನ್ನು ಅಥವಾ ಆಸ್ತಿಯಲ್ಲಿ ಆ ಮಿತಿಯ 100 ಪಟ್ಟನ್ನು ಮೀರಿದವರು ಮನೆ ತೆರವು ಮಾಡಬೇಕೆಂಬ ನಿಯಮ ಬಂದಿತು. ಇಂಗ್ಲೆಂಡಿನಲ್ಲಿ 2016ರ ವಸತಿ ಮತ್ತು ಯೋಜನಾ ಕಾಯ್ದೆಯಡಿ, ವರ್ಷಕ್ಕೆ 31,000 ಪೌಂಡಿಗಿಂತ (ಲಂಡನ್ನಿನಲ್ಲಿ 40,000 ಪೌಂಡಿಗಿಂತ) ಹೆಚ್ಚು ಗಳಿಸುವ ಕುಟುಂಬಗಳಿಂದ ಪೇಟೆಯ ದರಕ್ಕೆ ಸಮೀಪದ ಬಾಡಿಗೆ ಪಡೆಯುವ ಯೋಜನೆ ರೂಪುಗೊಂಡಿತು. ಆದರೆ ಅದೇ ವರ್ಷದ ನವೆಂಬರಿನಲ್ಲಿ ಸರ್ಕಾರವು ಅದನ್ನು ಕಡ್ಡಾಯಗೊಳಿಸುವುದನ್ನು ಕೈಬಿಟ್ಟಿತು. ಹೆಚ್ಚು ದುಡಿದರೆ ದಂಡ ತೆತ್ತಂತಾಗುತ್ತದೆ, ಆದಾಯ ತಪಾಸಣೆಯ ಖರ್ಚೂ ಹೆಚ್ಚು ಎಂಬುವು ವಿರೋಧಿಗಳ ಮುಖ್ಯ ವಾದಗಳಾಗಿದ್ದವು.

ಈ ವಾದಗಳು ಮಳಿಗೆಗೆ ಇನ್ನೂ ಬಲವಾಗಿ ಅನ್ವಯಿಸುತ್ತವೆ. ಮನೆ ಆಸರೆಗಾಗಿ, ಮಳಿಗೆ ಗಳಿಕೆಗಾಗಿ. ಗಳಿಸಲೆಂದೇ ಕೊಟ್ಟ ಜಾಗದಲ್ಲಿ ಗಳಿಸಿದ್ದನ್ನೇ ಅಪರಾಧವೆಂದು ಬಗೆದರೆ, ವರ್ತಕನು ವಹಿವಾಟನ್ನು ಮರೆಮಾಚಲು ತೊಡಗುತ್ತಾನೆ. ಇಲ್ಲವೇ ಬೇರೊಬ್ಬರ ಹೆಸರಿನಲ್ಲಿ ಮಳಿಗೆ ಹಿಡಿಯುತ್ತಾನೆ. ಆದ್ದರಿಂದ ದೋಷವಿರುವುದು ಬಾಡಿಗೆದಾರನ ಏಳಿಗೆಯಲ್ಲಲ್ಲ, ಅವನ ಬಾಡಿಗೆಗೂ ಪೇಟೆಯ ದರಕ್ಕೂ ನಡುವೆ ಬೆಳೆಯಲು ಬಿಟ್ಟ ಅಂತರದಲ್ಲಿ.

ಎರಡು ಉದ್ದೇಶ, ಎರಡು ವಿಧದ ಮಳಿಗೆ

ಗೊಂದಲದ ಮೂಲವೆಂದರೆ ಒಂದೇ ಸಂಕೀರ್ಣದ ಮೇಲೆ ಎರಡು ಉದ್ದೇಶಗಳನ್ನು ಹೇರಿರುವುದು. ಒಂದು, ಪೌರಸಂಸ್ಥೆಗೆ ವರಮಾನ ತರುವುದು. ಇನ್ನೊಂದು, ಸಣ್ಣವರಿಗೆ ಮೊದಲ ಮೆಟ್ಟಿಲಾಗುವುದು. ಇವೆರಡನ್ನೂ ಬೇರ್ಪಡಿಸಿದರೆ ಉತ್ತರವು ತಾನಾಗಿಯೇ ದೊರೆಯುತ್ತದೆ.

ವರಮಾನಕ್ಕೆಂದು ಮೀಸಲಾದ ಮಳಿಗೆಯಲ್ಲಿ ಬಾಡಿಗೆದಾರನು ಎಷ್ಟೇ ಸ್ಥಿತಿವಂತನಾಗಿರಲಿ, ಪೇಟೆಯ ದರ ತೆತ್ತು, ಅವಧಿ ಮುಗಿದಾಗ ಬಹಿರಂಗ ಹರಾಜಿನಲ್ಲಿ ಗೆದ್ದು ಮುಂದುವರಿದರೆ ಯಾರಿಗೂ ಅನ್ಯಾಯವಿಲ್ಲ. ಆರಂಭಿಕರಿಗೆಂದು ಮೀಸಲಾದ ಮಳಿಗೆಯಲ್ಲಿ ಬಾಡಿಗೆ ಕಡಿಮೆಯಿರಲಿ, ಅವಧಿಯೂ ಚಿಕ್ಕದಾಗಿರಲಿ. ಅವಧಿ ತೀರಿದ ದಿನ, ಆದಾಯವನ್ನು ಕೇಳುವ ಗೋಜಿಲ್ಲದೆ, ಅದು ಮುಂದಿನವನಿಗೆ ಹೋಗಬೇಕು.

ಹೀಗೆ ವಿಂಗಡಿಸುವುದಕ್ಕೆ ನ್ಯಾಯಾಲಯಗಳ ನಿಲುವು ಅಡ್ಡಿಯಾಗುವುದಿಲ್ಲ. 1979ರ ರಮಣ ದಯಾರಾಂ ಶೆಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸರ್ಕಾರವು ಗುತ್ತಿಗೆ ಮೊದಲಾದ ಅನುಕೂಲಗಳನ್ನು ಮನಬಂದಂತೆ ಹಂಚಲಾಗದು, ಸಮಾನತೆಯ ತತ್ತ್ವಕ್ಕೆ ಬದ್ಧವಾಗಿರಬೇಕು ಎಂದಿತು. ನೈಸರ್ಗಿಕ ಸಂಪನ್ಮೂಲಗಳ ಹಂಚಿಕೆಯ ಕುರಿತ 2012ರ ಅಭಿಪ್ರಾಯದಲ್ಲಿ, ಹರಾಜೊಂದೇ ಸಂವಿಧಾನಬದ್ಧ ಮಾರ್ಗವಲ್ಲವೆಂದೂ, ಸಾರ್ವಜನಿಕ ಹಿತಕ್ಕಾಗಿ ನ್ಯಾಯಸಮ್ಮತವಾದ ಬೇರೆ ಕ್ರಮವನ್ನು ಅನುಸರಿಸಬಹುದೆಂದೂ ತಿಳಿಸಿತು. ಎರಡನ್ನೂ ಸೇರಿಸಿ ನೋಡಿದರೆ, ರಿಯಾಯಿತಿ ಕೊಡಬಹುದು. ಆದರೆ ಅದು ಲಿಖಿತ ನಿಯಮದಂತೆ, ಎಲ್ಲರಿಗೂ ಕಾಣುವಂತೆ ಇರಬೇಕು ಎಂಬುದು ಸ್ಪಷ್ಟ.

ಸಣ್ಣ ಉದ್ದಿಮೆದಾರರಿಗೆ ಇನ್ನೊಂದು ಮಾದರಿ ಪರಿಚಿತವೇ ಆಗಿದೆ. 1964ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮವು ಕೈಗಾರಿಕಾ ವಸಾಹತುಗಳಲ್ಲಿ ಶೆಡ್ಡುಗಳನ್ನು ಕಟ್ಟಿ ಹಂಚುತ್ತ ಬಂದಿದೆ. ಗುತ್ತಿಗೆ-ಸಹಿತ-ಮಾರಾಟದ ಪದ್ಧತಿಯಲ್ಲಿ ಉದ್ದಿಮೆದಾರನು ಷರತ್ತು ಪೂರೈಸಿ ಮಾಲೀಕನಾಗುತ್ತಾನೆ. ಕೃಷಿ ಮಾರುಕಟ್ಟೆ ಪ್ರಾಂಗಣಗಳಲ್ಲೂ ಈ ಪದ್ಧತಿಯುಂಟು. ಯಂತ್ರ ಹೂಡುವವನಿಗೆ ಜಾಗದ ಸ್ಥಿರತೆ ಅಗತ್ಯವಾದ್ದರಿಂದ ಇದು ಸೂಕ್ತ. ಪೇಟೆಯ ನಡುವಿನ ಮಳಿಗೆಗಳನ್ನು ಹೀಗೆ ಮಾರಿದರೆ ಮಾತ್ರ ಪೌರಸಂಸ್ಥೆಯು ತನ್ನ ಶಾಶ್ವತ ವರಮಾನವನ್ನೇ ಕಳೆದುಕೊಳ್ಳುತ್ತದೆ.

ವರ್ತಕರು ಗಮನಿಸಬೇಕಾದ ಅಂಶಗಳು

1. ಗುತ್ತಿಗೆ ಕರಾರಿನ ಅಂತಿಮ ದಿನಾಂಕವನ್ನು ತಿಳಿದಿರಬೇಕು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯು ನೋಂದಣಿಯಾಗಿರಬೇಕೆಂಬುದನ್ನು ಮರೆಯಬಾರದು.

2. ಬಾಡಿಗೆ ಪಾವತಿಯ ರಸೀದಿಗಳನ್ನು ಕ್ರಮವಾಗಿ ಕಾಯ್ದಿಡಬೇಕು. ಬಾಕಿ ಉಳಿಸಿಕೊಂಡವನ ಮನವಿಗೆ ಎಲ್ಲಿಯೂ ತೂಕವಿರುವುದಿಲ್ಲ.

3. ಒಳಬಾಡಿಗೆಗೆ ಮಳಿಗೆ ಹಿಡಿದವರು ತಮಗೆ ಪೌರಸಂಸ್ಥೆಯೊಡನೆ ಯಾವ ಕರಾರೂ ಇಲ್ಲವೆಂಬುದನ್ನು ಅರಿಯಬೇಕು. ಕೊಟ್ಟ ಪಗಡಿಯು ತೆರವಿನ ದಿನ ರಕ್ಷಣೆಗೆ ಬರುವುದಿಲ್ಲ.

4. ಜಿಎಸ್‌ಟಿ ನೋಂದಣಿಯುಳ್ಳ ವರ್ತಕರು ಸ್ಥಳೀಯ ಸಂಸ್ಥೆಯ ಮಳಿಗೆ ಬಾಡಿಗೆಯ ಮೇಲಿನ ಶೇ. 18ರ ತೆರಿಗೆಯನ್ನು 2018ರ ಜನವರಿ 25ರಿಂದ ತಾವೇ ನೇರವಾಗಿ ಪಾವತಿಸಬೇಕಾಗಿದೆ. ಸಾಮಾನ್ಯ ಪದ್ಧತಿಯವರು ಅದರ ಹೂಡುವಳಿ ತೆರಿಗೆ ಜಮೆಯನ್ನು ಪಡೆಯಬಹುದು. ಕಾಂಪೋಸಿಷನ್ ಪದ್ಧತಿಯವರಿಗೆ ಆ ಸೌಲಭ್ಯವಿಲ್ಲ. ಹರಾಜಿನಲ್ಲಿ ಬಿಡ್ ಕೂಗುವ ಮುನ್ನ ಈ ಹೊರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

5. ಅವಧಿ ಮುಗಿಯುವುದಕ್ಕೆ ಸಾಕಷ್ಟು ಮೊದಲೇ ವರ್ತಕರು ಸಂಘಟಿತರಾಗಿ, ಹರಾಜಿನ ಷರತ್ತು, ಠೇವಣಿ, ಕನಿಷ್ಠ ದರ, ಸುಗ್ಗಿಯ ಕಾಲದಲ್ಲಿ ತೆರವು ಬೇಡವೆಂಬ ಕೋರಿಕೆ ಇವುಗಳನ್ನು ಪೌರಸಂಸ್ಥೆಯ ಮುಂದೆ ಲಿಖಿತವಾಗಿ ಇಡುವುದು ಒಳಿತು. ತೆರವಿನ ನೋಟಿಸು ಬಂದ ನಂತರ ಮಾಡುವ ಮುಷ್ಕರಕ್ಕಿಂತ ಇದು ಫಲಕಾರಿ.

ಬೆಳೆದ ವರ್ತಕನು ಪೇಟೆ ಬಿಟ್ಟು ಹೋಗಬೇಕೆಂದು ಯಾರೂ ಬಯಸುವುದಿಲ್ಲ. ಅವನು ಬೆಳೆದುದು ಊರಿಗೆ ಹೆಮ್ಮೆಯೇ. ಅವನು ಮಳಿಗೆಯಲ್ಲಿರಬಹುದು, ಆದರೆ ತಕ್ಕ ಬೆಲೆ ತೆತ್ತು ಇರಬೇಕು. ಕಡಿಮೆ ಬಾಡಿಗೆಯ ಅನುಕೂಲವು ಮಾತ್ರ ಅವನಿಗೆ ಒಮ್ಮೆ ದೊರೆತಂತೆ, ಇಂದು ತಳ್ಳುಗಾಡಿಯಿಂದ ಅಂಗಡಿಗೆ ಏರಲು ಹವಣಿಸುತ್ತಿರುವವನಿಗೂ ದೊರೆಯಬೇಕು.